ಕಾಳವ್ವ ತಿರುಗಿ ನೋಡಿದ ವರ್ಷ

ನಮ್ಮ ಊರಿನಲ್ಲಿ ಫೋಟೋ ತೆಗೆಸಿಕೊಳ್ಳುವವರು ಕೂತೇ ತೆಗೆಸಿಕೊಳ್ಳುತ್ತಾರೆ. ಮದುಮಕ್ಕಳಿಗೂ ಕುರ್ಚಿ, ಶಾಲೆಯ ಮಕ್ಕಳಿಗೂ ಬೆಂಚು. ನಿಂತವರು ಫೋಟೋದಲ್ಲಿ ಬಹಳ ವರ್ಷ ಉಳಿಯುವುದಿಲ್ಲ, ನಡೆಯುತ್ತಿದ್ದವರಂತೂ ಹೊರಟೇಬಿಡುತ್ತಾರೆ. ನಮ್ಮ ಸೋದರಮಾವ ಪ್ರಾಯದಲ್ಲಿ ಒಂದು ಹೋತವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದ್ದ. ಎರಡು ದೀಪಾವಳಿ ಕಳೆಯುವುದರೊಳಗೆ ಹೋತ ಚೌಕಟ್ಟಿನಾಚೆ ಹೋಯಿತು. ಮಾವ ಕುರ್ಚಿಯ ಮೇಲೆ ಉಳಿದ. ಸಾಯುವವರೆಗೂ ಮನೆಗೆ ಬಂದವರಿಗೆಲ್ಲ, “ಇಲ್ಲೊಂದು ಹೋತ ಇತ್ತು, ಏನ್ ಹೋತ ಅಂತೀರಿ” ಎಂದು ಖಾಲಿ ಜಾಗ ತೋರಿಸುತ್ತಿದ್ದ.

ಬೆಳಕು ಬಿದ್ದಷ್ಟು ಹೊತ್ತು ಫೋಟೋದೊಳಗಿನವರು ಸರಿಯುತ್ತಾರೆ, ಕತ್ತಲಾದರೆ ನಿಲ್ಲುತ್ತಾರೆ. ಅದಕ್ಕೇ ನಮ್ಮಲ್ಲಿ ಪ್ರತಿ ಫೋಟೋಕ್ಕೂ ಒಂದು ಪರದೆ. ಹೊಸ ಸೊಸೆ ಬರುವಾಗ ತವರಿನಿಂದ ಸೀರೆ ಕುಪ್ಪಸದ ಜೊತೆ ಪರದೆಯ ಬಟ್ಟೆಯನ್ನೂ ತರುತ್ತಾಳೆ. ಹಬ್ಬಕ್ಕೊಮ್ಮೆ, ನೆಂಟರು ಬಂದಾಗೊಮ್ಮೆ ಸರಿಸಿ ನೋಡಿ, ಮತ್ತೆ ಎಳೆದುಬಿಡುತ್ತಾರೆ. ಫೋಟೋದ ಫೋಟೋ ತೆಗೆದರೆ ಬರೀ ಜಾಗ ಮೂಡುತ್ತದೆ, ಜನ ಮೂಡುವುದಿಲ್ಲ. ಅದನ್ನೂ ಎಲ್ಲರೂ ಒಂದೊಂದು ಸಲ ಮಾಡಿ ನೋಡಿಯಾಗಿದೆ.

ನಾನು ಬಡಿಗ. ಹೆಸರು ಮೌನಪ್ಪ. ಎರಡನೆಯ ಇಯತ್ತೆಯ ತನಕ ಶಾಲೆ, ಆಮೇಲೆ ಅಪ್ಪನ ಉಳಿ. ಈಗ ಎಪ್ಪತ್ತೇಳು ನಡೆಯುತ್ತಿದೆ. ನಾನು ಹೇಳುತ್ತಿರುವುದು ನನಗೆ ಮೂವತ್ತಾಗಿದ್ದಾಗಿನ ಒಂದು ಫೋಟೋದ ಮಾತು.

ಆಗ ಗಡಿಯಲ್ಲಿ ಯುದ್ಧ ಶುರುವಾಗಿ ಮೂರನೆಯ ವರ್ಷ. ಮನೆಗೊಬ್ಬ ಹುಡುಗನನ್ನು ಕಳಿಸಬೇಕೆಂದು ಸರಕಾರದ ಚೀಟಿ ಬರುತ್ತಿತ್ತು. ನನ್ನ ಹೆಂಡತಿ ಕಾಳವ್ವನ ಅಕ್ಕನ ಮಗನಿಗೂ ಬಂತು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ಹೋದ. ಮೂರು ತಿಂಗಳಿಗೆ ಅವನ ತಗಡಿನ ಪೆಟ್ಟಿಗೆ ವಾಪಸ್ಸು ಬಂತು, ಒಳಗೆ ಒಂದು ಟವೆಲು, ಒಂದು ಕನ್ನಡಿ. ಕಾಳವ್ವ ಆ ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ದಿನ ಪೂರ್ತಿ ಕೂತಿದ್ದಳು. ಮರುದಿನ ಎದ್ದು ಓಣಿಯ ಹೆಂಗಸರನ್ನೂ ಬರುತ್ತೇನೆಂದ ಗಂಡಸರನ್ನೂ ಸೇರಿಸಿದಳು. ಯುದ್ಧ ಸಾಕು, ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಅಂತ ಸಂತೆಬೀದಿಯಿಂದ ಸರಕಾರಿ ಕಚೇರಿಯವರೆಗೆ ಮೆರವಣಿಗೆ ಹೋಗುವುದೆಂದು ಗೊತ್ತಾಯಿತು. ಫಲಕಗಳಿಗೆ ಕೋಲು ಬೇಕಲ್ಲ, ನಲವತ್ತೊಂದು ಕೋಲು ನಾನೇ ಮಾಡಿಕೊಟ್ಟೆ. ಯಾರ ಅಂಗೈಗೂ ಸಿಬಿರು ಚುಚ್ಚದಂತೆ ಒಂದೊಂದನ್ನೂ ಉಜ್ಜಿದ್ದೆ.

ಆ ಬೆಳಿಗ್ಗೆ ಅವಳು ಅಂಗಡಿಯ ಮುಂದೆ ತನ್ನ ಕೋಲು ಹಿಡಿದು ನಿಂತಳು.

“ಕೋಲು ಮಾಡಿಕೊಟ್ಟಿ. ಹಿಡಿಯಾಕ ಬರಂಗಿಲ್ಲೇನು?”

“ನನಗ ಕೆಲಸ ಐತಿ.”

“ಏನ್ ಕೆಲಸ?”

ಅರ್ಧ ಆಗಿದ್ದ ಬಾಗಿಲೊಂದನ್ನು ತೋರಿಸಿದೆ. “ಲಗ್ನದ ಮನೀದು. ನಾಳಿಗೆ ಕೊಡಬೇಕು.”

“ಹೆದರಿಕಿ ಆಗೇತಿ ಅಂತ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ.”

“ಹೆದರಿಕಿ ಯಾತರದು? ಕೆಲಸ ಐತಿ ಅಂದ್ನೆಲ್ಲ.”

ಅವಳು ಕೋಲನ್ನು ಹೆಗಲಿಗೆ ಏರಿಸಿಕೊಂಡು ಹೊರಟಳು. ತಿರುವಿನಲ್ಲಾದರೂ ತಿರುಗಿ ನೋಡುತ್ತಾಳೆಂದು ನಿಂತಿದ್ದೆ. ನೋಡಲಿಲ್ಲ.

ನನಗೆ ಹೆದರಿಕೆಯೇ ಆಗಿತ್ತು. ಈಗ ಹೇಳುವುದಕ್ಕೆ ಏನೂ ಅನಿಸುವುದಿಲ್ಲ. ಅಂಗಡಿಯ ಹಲಗೆಗಳನ್ನೆಲ್ಲ ಒಳಗಿನಿಂದ ಜೋಡಿಸಿಕೊಂಡು ಕೂತೆ. ಮೆರವಣಿಗೆ ಮುಂದೆಯೇ ಹಾದುಹೋಯಿತು, ಕೂಗು ಕೇಳಿಸಿತು, ಕಾಲಿನ ಸಪ್ಪಳ ಕೇಳಿಸಿತು. ಅಷ್ಟು ದನಿಗಳಲ್ಲಿ ಅವಳದು ಯಾವುದೆಂದು ಗೊತ್ತಾಗಲಿಲ್ಲ. ಆಮೇಲೆ ಕಚೇರಿಯ ಕಡೆಯ ತಿರುವಿನಲ್ಲಿ ಒಮ್ಮೆಲೇ ಎಲ್ಲ ನಿಂತಿತು. ತಿರುವಿನಾಚೆ ಲಾರಿಗಳು ಕಾಯುತ್ತಿದ್ದವು. ಕೋಲು ಹಿಡಿದಿದ್ದ ನಲವತ್ತೊಂದು ಮಂದಿಯನ್ನು ಹತ್ತಿಸಿಕೊಂಡು ಹೋದರು. ಎಲ್ಲಿಗೆ ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಮರುವರ್ಷ ಯುದ್ಧ ಮುಗಿಯಿತು. ಹೋದವರು ಬರಲಿಲ್ಲ.

ಊರಿನ ಪತ್ರಿಕೆಯವರು ತಿರುವಿನ ಹತ್ತಿರ ಒಂದು ಫೋಟೋ ತೆಗೆದಿದ್ದರು. ಅಚ್ಚು ಮಾಡಲು ಅಪ್ಪಣೆ ಸಿಗಲಿಲ್ಲ, ಫಿಲ್ಮನ್ನು ಪೊಲೀಸರು ಒಯ್ದರು. ಸಂಪಾದಕ ಭೀಮರಾಯರು ಒಂದೇ ಒಂದು ಪ್ರತಿಯನ್ನು ಜಮಾಖಾನೆಯ ಕೆಳಗೆ ಮುಚ್ಚಿಟ್ಟಿದ್ದರಂತೆ. ಯುದ್ಧ ಮುಗಿದ ಮೇಲೆ ನನ್ನನ್ನು ಕರೆಸಿ, “ಮೌನಪ್ಪಾ, ಇದಕ್ಕೊಂದು ಚೌಕಟ್ಟು ಹಾಕು” ಎಂದು ಮೇಜಿನ ಮೇಲಿಟ್ಟರು.

ನಾನು ಮೊದಲು ಗುರುತಿಸಿದ್ದು ಕೋಲುಗಳನ್ನು. ಆಮೇಲೆ ಜನರನ್ನು. ಎಡದಿಂದ ಬಲಕ್ಕೆ ನಡೆಯುತ್ತಿದ್ದರು. ನಡುವೆ ಕಾಳವ್ವ. ತುರುಬು ಅವಳದು, ಕುಪ್ಪಸದ ತೋಳಿಗೆ ಹಚ್ಚಿದ ತೇಪೆ ಅವಳದು. ಅವಳು ಆಚೆ ಬದಿಯ ಹುಡುಗಿಯ ಜೊತೆ ಏನೋ ಮಾತಾಡುತ್ತಿದ್ದಳು, ಮುಖ ಪೂರ್ತಿ ಆ ಕಡೆಗಿತ್ತು. ಕುರ್ಚಿಯ ಮೇಲೆ ಕೂತು ಫೋಟೋ ತೆಗೆಸಿಕೋ ಎಂದು ಎಷ್ಟು ಸಲ ಕರೆದರೂ ಬಂದವಳಲ್ಲ, ಹಾಗಾಗಿ ಅವಳದೆಂದು ಲೋಕದಲ್ಲಿ ಇದ್ದದ್ದು ಇದೊಂದೇ ಫೋಟೋ. ಅದರಲ್ಲಿಯೂ ಬೆನ್ನು.

ಅವಳು ಸಿಟ್ಟಿನಲ್ಲೇ ಹೋದಳೋ, ಹೋಗುತ್ತಾ ಹೋಗುತ್ತಾ ಸಿಟ್ಟು ಇಳಿಯಿತೋ. ಅಷ್ಟು ತಿಳಿದರೆ ಸಾಕಿತ್ತು ನನಗೆ. ಮುಖ ಕಂಡರೆ ಗೊತ್ತಾಗುತ್ತಿತ್ತು. ಹದಿನೊಂದು ವರ್ಷ ನೋಡಿದ ಮುಖ ಅದು.

ಒಳ್ಳೆಯ ಸಾಗುವಾನಿ ಹಲಗೆ ಒಂದಿತ್ತು, ಅದರಲ್ಲಿ ಅಗಲವಾದ ಚೌಕಟ್ಟು ಮಾಡಿ ಬಳ್ಳಿ ಕೆತ್ತಿ ಹಾಕಿದೆ. ಹೋದವರಿಗೆ ದೊಡ್ಡ ಚೌಕಟ್ಟೇ ಸರಿ ಅನಿಸಿತ್ತು. ರಾಯರು ಅದನ್ನು ಪತ್ರಿಕೆಯ ಕಚೇರಿಯ ನಡುಮನೆಯಲ್ಲಿ ತೂಗುಹಾಕಿ, ಕರಿ ಬಟ್ಟೆಯ ಪರದೆ ಹಾಕಿಸಿ, ಗುರುವಾರ ಸಂಜೆ ನಾಲ್ಕರಿಂದ ಐದರವರೆಗೆ ತೆರೆಯುವುದೆಂದು ಗೊತ್ತು ಮಾಡಿದರು. ಮೊದಮೊದಲು ಕಾಲಿಡಲು ಜಾಗವಿರುತ್ತಿರಲಿಲ್ಲ. ವಾರಕ್ಕೆ ಒಂದು ತಾಸು ಬೆಳಕು ಅಂದರೆ ಫೋಟೋದೊಳಗಿನವರಿಗೆ ಒಂದು ಹೆಜ್ಜೆ ಇಡಲು ಏಳೆಂಟು ವರ್ಷ. ಆದರೂ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಚೌಕಟ್ಟಿನಾಚೆ ಹೋದರು. ತಮ್ಮವರು ಹೋದ ಮೇಲೆ ಅವರ ಮನೆಯವರೂ ಬರುವುದು ಬಿಟ್ಟರು. ಹಿಂದಿನ ಸಾಲಿನವರ ಮನೆಗಳಲ್ಲಿ ನೋಡಲು ಬರುವವರು ತೀರಿಕೊಂಡರು. ಇಪ್ಪತ್ತಾರನೆಯ ವರ್ಷಕ್ಕೆ ಗುರುವಾರ ಬರುವವರು ಇಬ್ಬರೇ ಉಳಿದೆವು. ನಾನು, ರಹಮತ್‌ಬಿ.

ರಹಮತ್‌ಬಿ ಚಾಪೆ ಹೆಣೆಯುವವಳು. ಫೋಟೋದಲ್ಲಿದ್ದದ್ದು ಅವಳ ತಮ್ಮ ದಸ್ತಗೀರ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಅವನು ಕಾಳವ್ವನಿಗಿಂತ ಮೂರು ಮೊಳ ಮುಂದಿದ್ದ. ನಡೆಯುತ್ತಲೇ ಹಿಂದಕ್ಕೆ ಹೊರಳಿ, ಫೋಟೋದವನ ಕಡೆ ನೋಡಿ ನಗುತ್ತಿದ್ದ. ಹಲ್ಲೆಲ್ಲ ಕಾಣುವ ನಗು. “ನಿಮ್ಮ ನಸೀಬು ಛಲೋ, ಪೂರಾ ಮಾರಿ ಸಿಕ್ಕೇತಿ” ಎಂದು ನಾನು ಅನ್ನುವುದು, “ನಿಮ್ಮಾಕಿ ಇನ್ನೂ ಹಿಂದ ಅದಾಳ, ನನ್ನ ತಮ್ಮ ಹೊಂಟ ನಿಂತಾನ” ಎಂದು ಅವಳು ಅನ್ನುವುದು, ಹೀಗೇ ವರ್ಷ ಕಳೆದಿದ್ದವು. ನಮ್ಮಿಬ್ಬರ ಆಸೆ ಒಂದಕ್ಕೊಂದು ಅಡ್ಡ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಕಾಳವ್ವ ತಿರುಗಬೇಕಾದರೆ ಬೆಳಕು ಬೇಕು. ಬೆಳಕು ಬಿದ್ದಷ್ಟೂ ದಸ್ತಗೀರ ಅಂಚಿಗೆ ಹತ್ತಿರ.

ಆ ವರ್ಷ ಅವನ ಹೆಗಲು ಚೌಕಟ್ಟಿಗೆ ತಾಗಿತು.

“ಅಣ್ಣಾರ, ಈ ಕಟಗಿ ನೀವ ಹಾಕಿದ್ದಲ್ರಿ? ಇದರ ಬುಡಕ ಫೋಟೋ ಇನ್ನ ಏನರ ಐತೇನು?” ಎಂದು ರಹಮತ್‌ಬಿ ಕೇಳಿದಳು.

ಆಗ ನೆನಪಾಯಿತು. ಬಳ್ಳಿ ಕೆತ್ತುವ ಹುಮ್ಮಸ್ಸಿನಲ್ಲಿ ನಾಲ್ಕೂ ಕಡೆ ಎರಡೆರಡು ಬೆರಳು ಫೋಟೋವನ್ನು ಕಟ್ಟಿಗೆಯ ಕೆಳಗೆ ಮುಚ್ಚಿಬಿಟ್ಟಿದ್ದೆ. ಬೇರೆ ಊರಿನ ಬಡಿಗನಿಗೆ ಅದು ತಪ್ಪೇ ಅಲ್ಲ. ನಮ್ಮ ಊರಿನಲ್ಲಿ ಎರಡು ಬೆರಳು ಅಂದರೆ ಒಬ್ಬ ಮನುಷ್ಯ ಇನ್ನೂ ಹತ್ತು ಹನ್ನೆರಡು ವರ್ಷ ಇರುವ ಜಾಗ. ಮುಂದಿನ ಸಾಲಿನ ಎಷ್ಟು ಜನರನ್ನು ಹಾಗೆ ಬೇಗ ಕಳಿಸಿದೆನೋ. ಉಳಿ ತಂದು, ಗಾಜಿಗೆ ಪೆಟ್ಟಾಗದಂತೆ, ಬಲಗಡೆಯ ಚೌಕಟ್ಟನ್ನು ಕೆತ್ತಿ ತೆಗೆದೆ. ದಸ್ತಗೀರನ ಮುಂದೆ ಎರಡು ಬೆರಳು ಜಾಗ ತೆರೆಯಿತು.

ರಹಮತ್‌ಬಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. “ಇದೇನ್ರಿ ಅಣ್ಣಾರ, ಮೂಲ್ಯಾಗ ಕರ್ರಗ?”

ದುಂಡನೆಯ ದೀಪ, ಅದರ ಕೆಳಗೆ ಚಕ್ರದ ಮೇಲಿನ ತಗಡು. ಅವಳೇ ನೋಡಿ ತಿಳಿದುಕೊಂಡಳು.

“ಪರದೆ ಎಳೀರಿ” ಅಂದಳು.

“ಇನ್ನೂ ಅರ್ಧ ತಾಸು ಐತಲ್ಲವ್ವಾ.”

“ಎಳೀರಿ ಅಂದ್ನಿ. ನಕ್ಕೋತ ಹೊಂಟಾನ್ರಿ. ಲಾರಿ ನಿಂತದ್ದು ಅವಗ ಗೊತ್ತಿಲ್ಲ.”

ಅಷ್ಟು ಹೊತ್ತಿಗೆ ಕಾಳವ್ವನ ಕಿವಿ ಕಂಡಿತ್ತು, ಕಿವಿಯ ಬೆಂಡೋಲೆ ಕಂಡಿತ್ತು, ಉಗುರಿನ ಅಂಚಿನಷ್ಟು ಕೆನ್ನೆ ಕಂಡಿತ್ತು. ಇನ್ನೆರಡು ಮೂರು ವರ್ಷ ತೆರೆದಿದ್ದರೆ ಮೂಗಿನ ತುದಿ ಬರುತ್ತಿತ್ತು. ನಾನು ರಹಮತ್‌ಬಿಯ ಮುಖ ನೋಡಿದೆ. ಪರದೆ ಎಳೆದೆ.

ಇಪ್ಪತ್ತು ವರ್ಷ ಅದನ್ನು ತೆರೆಯಲಿಲ್ಲ. ಆದರೂ ಗುರುವಾರ ನಾಲ್ಕಕ್ಕೆ ಇಬ್ಬರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದೆವು. ಕಚೇರಿಯವರು ಎರಡು ಕಪ್ಪು ಚಹಾ ಕಳಿಸುತ್ತಿದ್ದರು. ಭೀಮರಾಯರು ಹೋಗಿ ಅವರ ಮಗಳ ಕಾಲ ಬಂದರೂ ಚಹಾ ತಪ್ಪಲಿಲ್ಲ. ಕರಿ ಬಟ್ಟೆಯನ್ನೇ ನೋಡುತ್ತ ಕೂರುವ ನಮ್ಮನ್ನು ಕಂಡು ಹೊಸಬರು ನಗುತ್ತಿದ್ದರು. ಒಂದು ಗುರುವಾರ ರಹಮತ್‌ಬಿಗೆ ಜ್ವರ, ಬರಲಿಲ್ಲ. ನಾನು ಎದ್ದು ಪರದೆಯ ಅಂಚನ್ನು ಒಂದು ಬೆರಳಿನಷ್ಟು ಎತ್ತಿದೆ. ಬೆಂಡೋಲೆ ಕಂಡಿತು. ಬಿಟ್ಟುಬಿಟ್ಟೆ. ಮುಂದಿನ ವಾರ ಅವಳು ಬಂದವಳೇ ಪರದೆಯನ್ನು ನೋಡಿ, “ಧೂಳದಾಗ ಬೆರಳು ಮೂಡೇತಿ” ಅಂದಳು.

“ನಂದ.”

“ಎಷ್ಟೊತ್ತು?”

“ನೂರು ಎಣಿಸೂ ಅಷ್ಟೂ ಇಲ್ಲ.”

“ಹೋಗ್ಲಿ ಬಿಡ್ರಿ. ನೀವೂ ಮನಶ್ಯಾರ ಅಲ್ಲೇನು” ಅಂದು ನನ್ನ ಕಪ್ಪಿನ ಚಹಾದಲ್ಲಿ ಬಿದ್ದ ಇರುವೆಯನ್ನು ತೆಗೆದುಕೊಟ್ಟಳು.

ಹೋದ ವರ್ಷದ ಹಿಂದಿನ ವರ್ಷ ಅವಳ ಕಣ್ಣು ಪೂರ್ತಿ ಹೋದವು. ಆದರೂ ಗೋಡೆ ಸವರಿಕೊಂಡು ಒಬ್ಬಳೇ ಬರುತ್ತಿದ್ದಳು. ಒಂದು ಗುರುವಾರ ಕೂತವಳು ಚಹಾ ಮುಟ್ಟಲಿಲ್ಲ.

“ಅಣ್ಣಾರ, ಪರದೆ ಸರಸ್ರಿ.”

“ಯಾಕವ್ವಾ?”

“ನನಗ ಇನ್ನ ಕಾಣಂಗಿಲ್ಲ. ನನಗ ಕಾಣದ ಮಾರಿ ಇಟ್ಕೊಂಡು, ನಿಮಗ ಕಾಣೂ ಮಾರಿ ತಪ್ಪಿಸಿದ್ರ ನನಗ ಹೆಂಗ ನಿದ್ದಿ ಬಂದೀತು?”

“ಅಲ್ಲಿ ಲಾರಿ ಐತಿ, ರಹಮತ್.”

“ಐತಿ. ಇಪ್ಪತ್ತು ವರ್ಷ ಪರದೆ ಎಳದ ಇಟ್ಟಿವಿ, ಲಾರಿ ಏನ್ ಹೋತೇನ್ರಿ?” ಅವಳು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. “ಅವ ಆವತ್ತ ಒಂದು ಕಾಲು ಎತ್ತಿದ್ದ. ನಿಮಗೂ ನೆನಪ ಐತಿ. ಇಪ್ಪತ್ತು ವರ್ಷಾತು, ಒಂದ ಕಾಲ ಮ್ಯಾಲ ನಿಂದ್ರಿಸೀನಿ. ಸಣ್ಣಂವ ಇದ್ದಾಗ ಅವನ್ನ ಹಿಂಗ ನಿಂದ್ರಿಸಿದ್ದ ಮಾಸ್ತರನ ಕೂಡ ಜಗಳಾ ಮಾಡಿ ಬಂದಾಕಿ ನಾ. ಊರಲಿ ಕಾಲು.”

ನಾನು ಬೆಂಚಿನಿಂದ ಏಳಲಿಲ್ಲ. ಪರದೆಯನ್ನು ಸರಿಸಿದ್ದು ಅವಳೇ, ಸವರಿಕೊಂಡು ಹೋಗಿ.

ಅವತ್ತಿನಿಂದ ದಿನಾಲೂ ತೆರೆದೆವು. ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆದಾಗ ಸರಿಸಿದರೆ ಸಂಜೆಯವರೆಗೆ. ಹಾಗೆ ತೆರೆದಿಟ್ಟರೆ ಒಂದು ಹೆಜ್ಜೆಗೆ ನಲವತ್ತು ದಿನ. ರಹಮತ್‌ಬಿ ಚಾಪೆಯ ಹುಲ್ಲನ್ನು ಅಲ್ಲಿಗೇ ತಂದು ಹೆಣೆಯುತ್ತ ಕೂರುತ್ತಿದ್ದಳು, ನಾನು ನೋಡಿ ಹೇಳುತ್ತಿದ್ದೆ. ಕಾಲು ಇಳಿಯಾಕತ್ತೈತಿ. ಕಾಲು ಊರಿದ. ಕೈ ಎತ್ತಿದ, ಯಾರಿಗೋ ಏನೋ ಕೊಡಾಕತ್ತಂಗ ಐತಿ. ಹೆಗಲು ಹೋತು. ಕಿವಿ ಹೋತು. ಇನ್ನೂ ಇದ್ದಾನೆಂದು ಸುಳ್ಳು ಹೇಳಿಬಿಡಬಹುದಿತ್ತು, ಅವಳಿಗೆ ಹೇಗೂ ಕಾಣುತ್ತಿರಲಿಲ್ಲ. ಬಾಯಿಯವರೆಗೂ ಬರುತ್ತಿತ್ತು. ಆದರೆ ನಡೆಯುವವನ ಜೊತೆ ಅವಳೂ ನಡೆಯುತ್ತಿದ್ದಳು, ನಡುವೆ ಅವಳೊಬ್ಬಳನ್ನೇ ಹಿಂದೆ ಬಿಡಲು ನನಗೆ ಆಗಲಿಲ್ಲ.

“ಇವತ್ತ ಏನ್ ಉಳದೈತಿ?” ಎಂದು ಕೊನೆಗೆ ಒಂದು ದಿನ ಕೇಳಿದಳು.

“ಹಿಮ್ಮಡ.”

“ಎಲ್ಲಿ?”

ಅವಳ ಬೆರಳನ್ನು ಹಿಡಿದು ಗಾಜಿನ ಮೇಲೆ ಆ ಜಾಗದಲ್ಲಿಟ್ಟೆ. ಸಂಜೆ ಪರದೆ ಎಳೆಯುವವರೆಗೆ ಬೆರಳು ತೆಗೆಯಲಿಲ್ಲ. ಮರುದಿನ ಮಧ್ಯಾಹ್ನ ಅವಳೇ ಕೇಳಿದಳು. “ಹೋದ?”

“ಹೋದ.”

“ನಕ್ಕೋತನ?”

“ಮಾರಿ ಕಾಣೂತನಕ ನಕ್ಕೋತನ ಇದ್ದ.”

ಅವಳು ಹುಲ್ಲನ್ನು ಕೆಳಗಿಟ್ಟು ಅತ್ತಳು. ಕಚೇರಿಯವರು ಯಂತ್ರ ನಿಲ್ಲಿಸಿದರು. ಆಮೇಲೆ ಮೂಗು ಒರೆಸಿಕೊಂಡು, “ಇನ್ನ ನಿಮ್ಮಾಕಿ ಪಾಳಿ” ಅಂದು ಹುಲ್ಲು ಕೈಗೆತ್ತಿಕೊಂಡಳು. ಮರುದಿನವೂ ಬಂದಳು. ಬರಬೇಕಾದ್ದೇನೂ ಇರಲಿಲ್ಲ.

ಕಾಳವ್ವ ತಿರುಗುತ್ತಿದ್ದಳು. ರೆಪ್ಪೆ ಬಂತು, ಮೂಗುತಿ ಬಂತು. ಮುಖ ಹತ್ತಿರವಾದಷ್ಟೂ ನನಗೆ ಕಚೇರಿಗೆ ಹೋಗುವ ಕಾಲೇ ಹಿಂದೆ ಬೀಳತೊಡಗಿತು. ಎರಡು ದಿನ ಮೈಗೆ ಸರಿಯಿಲ್ಲವೆಂದು ಹೋಗಲಿಲ್ಲ. ರಹಮತ್‌ಬಿ ಮನೆಗೇ ಬಂದಳು.

“ಏನಾಗೇತ್ರಿ ಮೈಯಾಗ?”

“ಏನಿಲ್ಲ. ಆಕಿ ಸಿಟ್ಟಿಲೆ ಹೋದಾಕಿ, ರಹಮತ್. ತಿರುಗಿ ಆ ಮಾರೀನ ತೋರಿಸಿದ್ರ?”

“ತೋರಿಸಿದ್ರ ನೋಡ್ರಿ. ಬೆನ್ನು ನೋಡೂದಕ್ಕಿಂತ ಬೈಸಿಕೊಳ್ಳೂದು ಛಲೋ. ಏಳ್ರಿ.”

ಎದ್ದು ಹೋದೆ. ಒಂದು ವಾರದಲ್ಲಿ ಮುಖ ಅರ್ಧಕ್ಕಿಂತ ಹೆಚ್ಚು ಬಂತು. ಎಡಗೆನ್ನೆ ಉಬ್ಬಿತ್ತು.

“ದವಡಿ ಬಾತೈತಿ” ಅಂದೆ. “ಯಾರೋ ಹೊಡದಾರ.”

“ಇನ್ನೂ ಲಾರಿ ತನಕ ಹೋಗಿಲ್ಲಲ್ರಿ, ಯಾರ್ ಹೊಡೀತಾರ? ಛಂದಂಗಿ ನೋಡ್ರಿ.”

ದಿನಾ ನೋಡಿದೆ. ಆ ಉಬ್ಬು ಒಂದೇ ಕಡೆ ನಿಂತಿರಲಿಲ್ಲ. ಹತ್ತು ದಿನಕ್ಕೆ ಕೆನ್ನೆ ಸಪಾಟಾಯಿತು, ಇನ್ನು ಹತ್ತು ದಿನಕ್ಕೆ ಮತ್ತೆ ಉಬ್ಬಿತು. ತುಟಿಯ ಅಂಚಿನಲ್ಲಿ ಕೆಂಪನೆಯ ಸಿಪ್ಪೆಯ ಚೂರು ಅಂಟಿತ್ತು. ಫೋಟೋಗೆ ಬಣ್ಣವಿಲ್ಲ, ಆದರೂ ಅದು ಕೆಂಪೆಂದು ನನಗೆ ಗೊತ್ತಾಯಿತು. ಒಂದು ಕೈಯಲ್ಲಿ ನನ್ನ ಕೋಲು, ಇನ್ನೊಂದು ಕೈ ಸೀರೆಯ ಮರೆಯಿಂದ ಮೇಲೆ ಬರುತ್ತಿತ್ತು, ಮುಷ್ಟಿ ಅರ್ಧ ತೆರೆದು.

“ಶೇಂಗಾ ತಿನ್ನಾಕತ್ತಾಳ” ಅಂದೆ.

ರಹಮತ್‌ಬಿಯ ಕೈ ಹುಲ್ಲಿನ ಮೇಲೆ ನಿಂತಿತು. “ಹುರದಿದ್ದೇನು?”

“ಹುರದಿದ್ದು.”

“ನನ್ನ ತಮ್ಮ ಕೊಟ್ಟಿದ್ದು! ಆವತ್ತ ಮುಂಜಾನೆ ಅವನ ಎರಡೂ ಕಿಸೆದಾಗ ನಾನ ತುಂಬಿ ಕಳಿಸಿದ್ದೆ, ಬಿಸಿಲಾಗ ಹಸಿವಿ ಆದೀತು ಅಂತ. ಎಲ್ಲಾ ಹಂಚಿಬಿಟ್ಟಾನ, ಭಾಡ್ಯಾ!” ಅವಳು ನಕ್ಕಳು, ಅವಳ ಹಲ್ಲೆಲ್ಲ ಕಂಡವು. “ಮಾರಿ ಹೆಂಗೈತಿ ಹೇಳ್ರಿ. ಸಿಟ್ಟ ಐತೇನು?”

ನಾನು ನೋಡಿದೆ. ಪೂರ್ತಿ ಮುಖ. ಹುಬ್ಬಿನ ನಡುವೆ ಕುಂಕುಮ ಬೆವರಿಗೆ ಸ್ವಲ್ಪ ಇಳಿದಿತ್ತು. ಪಕ್ಕದ ಹುಡುಗಿ ಏನು ಹೇಳಿದ್ದಳೋ, ಬಾಯಲ್ಲಿ ಶೇಂಗಾ ಇಟ್ಟುಕೊಂಡೇ ನಗು ತಡೆದುಕೊಳ್ಳುತ್ತಿದ್ದಳು. ಅಂಥ ನಗುವನ್ನು ಮನೆಯಲ್ಲಿ ಎಷ್ಟೋ ಸಲ ಕಂಡಿದ್ದೆ, ಮರೆತುಬಿಟ್ಟಿದ್ದೆ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ನಾನೂ ಇರಲಿಲ್ಲ. ನಾನು ನಲವತ್ತೇಳು ವರ್ಷ ಹೊತ್ತು ತಿರುಗಿದ್ದನ್ನು ಅವಳು ಸಂತೆಬೀದಿಯ ಉದ್ದಕ್ಕೂ ಸಹ ಹೊತ್ತಿರಲಿಲ್ಲ.

“ಇಲ್ಲ” ಅಂದೆ.

“ಹಂಗಾರ ಈಗ ಪರದೆ ಎಳೀರಿ ಅಣ್ಣಾರ. ಲಾರಿಗೆ ಇನ್ನೆರಡು ಹೆಜ್ಜಿನೂ ಇಲ್ಲ ಅಂದಿದ್ರಿ. ಇಷ್ಟಕ್ಕ ನಿಂದ್ರಿಸಿಕೊಳ್ರಿ. ಯಾವಾಗರ ಒಮ್ಮೆ ಸರಿಸಿ ನೋಡಾಕಾದ್ರೂ ಆದೀತು.”

ನಾನೂ ಅದನ್ನೇ ಎಣಿಸಿಕೊಂಡಿದ್ದವನು. ಮುಖ ಕಂಡ ದಿನವೇ ಎಳೆಯುವುದೆಂದು ಹೊಸ ಹಗ್ಗವನ್ನೂ ಹಾಕಿಟ್ಟಿದ್ದೆ. ಹಗ್ಗ ಕೈಯಲ್ಲಿತ್ತು.

“ಬಾಯಾಗ ಐತಲ್ಲವ್ವಾ” ಅಂದೆ. “ನುಂಗಲಿ.”

“ನುಂಗಾಕ ಎಷ್ಟು ದಿನ?”

“ಹತ್ತು ಹದಿನೈದು ದಿನ ಆದೀತು.”

“ಆಮ್ಯಾಲ?”

“ಕೈಯಾಗ ಇನ್ನೂ ಅದಾವು.”

ರಹಮತ್‌ಬಿ ಹುಲ್ಲು ಹೆಣೆಯತೊಡಗಿದಳು. ನಾನು ಹಗ್ಗವನ್ನು ಮೊಳೆಗೆ ಸುತ್ತಿ, ಪಡುಗಡೆಯ ಕಿಟಕಿಯ ಬಾಗಿಲುಗಳನ್ನೂ ತೆರೆದೆ.